ಮೊಟ್ಟೆ ಹೊತ್ತ ರಾಜಕುಮಾರ

ಜಪಾನಿನ ಆನಿಮೆ ಎಂದೊಡನೆ ಮನೆಯ ಹಿರಿಯರ ಕಣ್ಣೆದುರು ನಿಲ್ಲುವುದು ಬಣ್ಣದ ಕೂದಲು, ಕಿವಿಗಡಚಿಕ್ಕುವ ಕೂಗು, ಮುಗಿಯದ ಕಾದಾಟ. ಆ ಎಣಿಕೆಗೆ ಒಗ್ಗದ ಸರಣಿಯೊಂದು 2007ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಉಪಗ್ರಹ ವಾಹಿನಿಯಲ್ಲಿ 26 ಕಂತುಗಳಾಗಿ ಬಂದಿತ್ತು. ಅದರ ಹೆಸರು 'ಸೇಯ್‌ರೇಯ್ ನೋ ಮೊರಿಬಿಟೊ'. ಚೈತನ್ಯವನ್ನು ಕಾಯುವವರು ಎಂದು ಅರ್ಥ. ಪ್ರೊಡಕ್ಷನ್ ಐ.ಜಿ. ಸಂಸ್ಥೆಯ ನಿರ್ಮಾಣ, ಕೆಂಜಿ ಕಾಮಿಯಾಮಾ ಅವರ ನಿರ್ದೇಶನ, ಕೆಂಜಿ ಕವಾಯ್ ಅವರ ಸಂಗೀತ. ಇಷ್ಟೆಲ್ಲ ಇದ್ದರೂ ಜಪಾನಿನ ಹೊರಗೆ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಅಮೆರಿಕೆಯಲ್ಲಿ ಅದನ್ನು ಕೊಂಡ ಕಂಪನಿ ಬಾಗಿಲು ಹಾಕಿತು; ಬಳಿಕ ನಡುರಾತ್ರಿಯ ವೇಳೆಯಲ್ಲಿ ಪ್ರಸಾರಗೊಂಡು, ನಡುವೆಯೇ ನಿಂತು, ಮತ್ತೆ ಆರಂಭವಾಗಬೇಕಾಯಿತು.

ಕಥೆ ಹೊಸ ಯೊಗೊ ಎಂಬ ಕಲ್ಪಿತ ಸಾಮ್ರಾಜ್ಯದ್ದು. ಬಾಲ್ಸಾ ಎಂಬ ಮೂವತ್ತರ ಆಸುಪಾಸಿನ ಹೆಂಗಸು ಭರ್ಜಿ ಹಿಡಿದು ಬಾಡಿಗೆಗೆ ಅಂಗರಕ್ಷಣೆ ಮಾಡುವವಳು. ಸೇತುವೆಯಿಂದ ಹೊಳೆಗೆ ಬಿದ್ದ ರಾಜಕುಮಾರ ಚಾಗುಮ್‌ನನ್ನು ಅವಳು ಎತ್ತಿ ತರುತ್ತಾಳೆ. ಮಗನ ಮೈಯಲ್ಲಿ ಜಲಪಿಶಾಚಿ ಹೊಕ್ಕಿದೆಯೆಂದು ನಂಬಿದ ಚಕ್ರವರ್ತಿ ಗುಟ್ಟಾಗಿ ಅವನನ್ನು ಕೊಲ್ಲಿಸಲು ಹೊರಟಿದ್ದಾನೆ. ತಾಯಿಯಾದ ಎರಡನೆಯ ರಾಣಿ ಮಗುವನ್ನು ಬಾಲ್ಸಾಳ ಕೈಗೆ ಒಪ್ಪಿಸುತ್ತಾಳೆ. ಹಿಂದೆ ಬಾಲ್ಸಾಳನ್ನು ಉಳಿಸುವುದಕ್ಕಾಗಿ ಜಿಗುರೊ ಎಂಬ ವೀರನು ತನ್ನದೇ ಎಂಟು ಮಂದಿ ಗೆಳೆಯರನ್ನು ಕೊಲ್ಲಬೇಕಾಗಿತ್ತು. ಆ ಎಂಟು ಜೀವಗಳಿಗೆ ಪ್ರತಿಯಾಗಿ ಎಂಟು ಜೀವ ಉಳಿಸುವುದು ಅವಳ ಹರಕೆ. ಆದುದರಿಂದ ಅವಳು ಎದುರಾಳಿಯನ್ನೂ ಕೊಲ್ಲದೆ ಹೋರಾಡುತ್ತಾಳೆ. ಭರ್ಜಿಯ ಕಾಳಗ ಇಷ್ಟು ನಿಖರವಾಗಿ ಚಿತ್ರಿತವಾದ ಸರಣಿಗಳು ವಿರಳ. ಆದರೂ ಇಡೀ ಸರಣಿಯಲ್ಲಿ ಅತ್ಯುತ್ತಮವೆನ್ನಬಹುದಾದ ಎಂಟನೆಯ ಕಂತಿನಲ್ಲಿ ಒಂದು ಏಟೂ ಬೀಳುವುದಿಲ್ಲ. ಕಮ್ಮಾರನೊಬ್ಬನು ತನ್ನ ಮನೆಗೆ ಬಂದ ಚಕ್ರವರ್ತಿಯ ಬೇಟೆಗಾರರೊಂದಿಗೆ ಆಯುಧದ ಧರ್ಮದ ಕುರಿತು ಮಾತನಾಡುತ್ತಾನೆ. ಅವರು ಸತ್ತಳೆಂದು ತಿಳಿದ ಬಾಲ್ಸಾ ಮರೆಯಲ್ಲಿ ಕುಳಿತು ಆಲಿಸುತ್ತಾಳೆ. ಇಷ್ಟೇ ಕಂತು.

ಚಾಗುಮ್ ಹೊತ್ತಿರುವುದು ಪಿಶಾಚಿಯನ್ನಲ್ಲ, ಒಂದು ಮೊಟ್ಟೆಯನ್ನು. ಕಣ್ಣಿಗೆ ಕಾಣುವ ಲೋಕ ಸಗು. ಅದರೊಡನೆ ಹೆಣೆದುಕೊಂಡಿರುವ ಕಾಣದ ಲೋಕ ನಯುಗು. ಅಲ್ಲಿನ ಜಲಚೈತನ್ಯವು ನೂರು ವರ್ಷಕ್ಕೊಮ್ಮೆ ಇಲ್ಲಿನ ಜೀವಿಯೊಂದರಲ್ಲಿ ಮೊಟ್ಟೆಯಿಡುತ್ತದೆ. ಅದು ಒಡೆದು ಮರಿಯಾಗದಿದ್ದರೆ ನಾಡಿಗೆ ಬರ. ಈ ತಿಳಿವಳಿಕೆ ಯೊಗೊ ಜನ ಬರುವುದಕ್ಕೆ ಮುನ್ನ ಅಲ್ಲಿ ನೆಲೆಸಿದ್ದ ಯಾಕು ಜನರದ್ದು. ಅರಮನೆಯ ಇತಿಹಾಸ ಬೇರೆಯದೇ ಹೇಳುತ್ತದೆ: ಮೊದಲ ಚಕ್ರವರ್ತಿ ಜಲಪಿಶಾಚಿಯನ್ನು ಸಂಹರಿಸಿ ರಾಜ್ಯ ಕಟ್ಟಿದನು. ಗೆದ್ದವರ ಕಥೆ ಬರಹಕ್ಕಿಳಿದು, ಹಬ್ಬವಾಗಿ, ಪಾಠವಾಗಿ ಉಳಿಯಿತು. ಯಾಕು ಜನ ಯೊಗೊಗಳೊಡನೆ ಬೆರೆತರು. ಅವರ ಹಳ್ಳಿಗಳಲ್ಲೇ ಹಳೆಯ ಕಥೆಯನ್ನು ಪೂರ್ತಿ ಬಲ್ಲವರು ಇಲ್ಲವಾದರು.

ಹೀಗಾಗಿ ಒಬ್ಬ ಬಾಲಕನ ಪ್ರಾಣವೂ ಒಂದು ನಾಡಿನ ನೀರೂ ಯಾರಿಗೆ ಏನು ನೆನಪಿದೆ ಎಂಬುದರ ಮೇಲೆ ನಿಲ್ಲುತ್ತವೆ. ತೊರೊಗಾಯ್ ಎಂಬ ಮುದಿ ಮಾಂತ್ರಿಕಳೂ ಅವಳ ಶಿಷ್ಯ, ಗಿಡಮೂಲಿಕೆಯ ವೈದ್ಯ ತಾಂಡಾನೂ ಹಳ್ಳಿಯ ಅಳಿದುಳಿದ ಮಾತುಗಳಲ್ಲಿ ಸುಳಿವು ಹುಡುಕುತ್ತಾರೆ. ಅದೇ ವೇಳೆಗೆ ಅರಮನೆಯಲ್ಲಿ ಶುಗಾ ಎಂಬ ಯುವ ಜ್ಯೋತಿರ್ವಿದನು ಪ್ರಾಚೀನ ಲಿಪಿಯ ಕಲ್ಲುಹಲಗೆಗಳನ್ನು ಬಿಡಿಸಿ ಓದುತ್ತಾನೆ. ಓದಿದಷ್ಟೂ ರಾಜ್ಯದ ಅಧಿಕೃತ ಕಥೆ ಅಲುಗುತ್ತದೆ. ದಾಖಲೆಯೂ ಬಾಯಿಮಾತೂ ಎರಡು ದಿಕ್ಕಿನಿಂದ ಒಂದೇ ಸತ್ಯದತ್ತ ನಡೆಯುವ ಈ ಭಾಗ ನ್ಯಾಯಾಲಯದ ಕಲಾಪ ಬಲ್ಲವರಿಗೆ ವಿಶೇಷ ರುಚಿಸೀತು. ಕೇಳಿದ ಮಾತು ಸಾಮಾನ್ಯವಾಗಿ ಸಾಕ್ಷ್ಯವಲ್ಲ. ಆದರೆ 1872ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ರೂಢಿಯ ಪ್ರಶ್ನೆ ಬಂದಾಗ, ವ್ಯಾಜ್ಯ ಹುಟ್ಟುವ ಮೊದಲೇ ಆಡಿ ಗತಿಸಿದ ಹಿರಿಯನ ಅಭಿಪ್ರಾಯಕ್ಕೆ 32ನೆಯ ಪ್ರಕರಣದಲ್ಲಿ ಸ್ಥಾನ ಕೊಟ್ಟಿತ್ತು. ಮುದುಕರ ಮಾತನ್ನು ಕಾನೂನು ಪೂರ್ತಿ ಹೊರಗಟ್ಟಲಿಲ್ಲ. ಯೊಗೊ ಅರಮನೆ ಹೊರಗಟ್ಟಿತು.

ಇದು ಬರಿಯ ಕಲ್ಪನೆಯಿಂದ ಹುಟ್ಟಿದುದಲ್ಲ. ಮೂಲ ಕಾದಂಬರಿಯನ್ನು 1996ರಲ್ಲಿ ಪ್ರಕಟಿಸಿದ ನಾಹೊಕೊ ಉಎಹಾಶಿ ಮಾನವಶಾಸ್ತ್ರದ ವಿದ್ವಾಂಸೆ. ಆಸ್ಟ್ರೇಲಿಯದ ಮೂಲನಿವಾಸಿಗಳ ನಡುವೆ ಕ್ಷೇತ್ರಕಾರ್ಯ ಮಾಡಿದವರು. ದೊಡ್ಡ ಸಮಾಜವೊಂದರ ನಡುವೆ ಬಾಳುವ ಚಿಕ್ಕ ಸಮುದಾಯಕ್ಕೆ ತನ್ನ ಮಾತು ಹೇಗೆ ಜಾರಿಹೋಗುತ್ತದೆ ಎಂಬುದನ್ನು ಅವರು ಬಲ್ಲರು. ಅದರಿಂದಲೇ ಯಾಕು ಹಳ್ಳಿಯ ಮರೆವು ನಾಟಕೀಯವಾಗದೆ ನಿಜವೆನಿಸುತ್ತದೆ. ಅಲ್ಲಿ ಯಾರೂ ಭಾಷೆಯನ್ನು ನಿಷೇಧಿಸುವುದಿಲ್ಲ. ಮಕ್ಕಳಿಗೆ ಅದು ಬೇಕಾಗುವುದಿಲ್ಲ, ಅಷ್ಟೆ. ಗಡಿಯಾಚೆಯ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಈ ವಿಷಯ ಬಿಡಿಸಿ ಹೇಳಬೇಕಾದುದಿಲ್ಲ.

ಉಎಹಾಶಿ ಅವರಿಗೆ 2014ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಸಂದಿತು. ಕ್ಯಾಥಿ ಹಿರಾನೊ ಮಾಡಿದ ಇಂಗ್ಲಿಷ್ ಅನುವಾದ 2009ರ ಬ್ಯಾಚೆಲ್ಡರ್ ಪುರಸ್ಕಾರ ಪಡೆಯಿತು.

ದೋಷವಿಲ್ಲವೆಂದಲ್ಲ. ನಡುವಿನ ಕಂತುಗಳು ನಿಧಾನ. ಬಾಲ್ಸಾ, ತಾಂಡಾ, ಚಾಗುಮ್ ಹಳ್ಳಿಯೊಂದರ ನೀರಿನ ಗಿರಣಿಯಲ್ಲಿ ಮನೆ ಹೂಡಿದ ಮೇಲೆ ಕಥೆ ನಿಂತೇಹೋಯಿತೇನೋ ಎನ್ನಿಸುತ್ತದೆ. ಅವಸರದ ಪ್ರೇಕ್ಷಕರು ಕೈಬಿಟ್ಟಿದ್ದು ಬಹುಶಃ ಇಲ್ಲಿಯೇ. ಆದರೆ ಸೇವಕರಿಂದಲೇ ಬಟ್ಟೆ ಉಡಿಸಿಕೊಂಡು ಬೆಳೆದ ರಾಜಕುಮಾರನು ಊರ ಮಕ್ಕಳ ನಡುವೆ ಮಾತಾಡುವುದನ್ನೂ ದುಡಿಯುವುದನ್ನೂ ಕಲಿಯುವುದು ಇಲ್ಲಿ. ಕಡೆಯ ಕಂತಿನ ಅಗಲಿಕೆಗೆ ತೂಕ ಬರುವುದೂ ಇದರಿಂದ.

ಮೂರನೆಯ ಕಂತಿನಲ್ಲಿ ಗದ್ದೆಯ ನಡುವಿನ ಕಾಳಗ ತುಸು ಕಠಿಣವಾದುದರಿಂದ ಹತ್ತು ವರ್ಷಕ್ಕಿಂತ ಚಿಕ್ಕವರ ಜೊತೆಗೆ ಹಿರಿಯರು ಕುಳಿತರೆ ಲೇಸು. ಜಪಾನೀ ಧ್ವನಿಯಲ್ಲೇ ನೋಡುವುದು ಉತ್ತಮ. ಅಡಿಬರಹ ಓದಲು ತಡವರಿಸುವ ಮಗುವಿಗೆ ಅಜ್ಜಿಯೋ ಅಣ್ಣನೋ ಕನ್ನಡದಲ್ಲಿ ಹೇಳುತ್ತ ಹೋಗಬಹುದು. ಕಂತಿಗೆ ಇಪ್ಪತ್ತೈದು ನಿಮಿಷ ಮೀರದು.