ಈ ಕ್ಯಾಶ್ ಹಣವಲ್ಲ

ಪ್ರವೇಶಾತಿ ಶುರುವಾದಾಗ, ಫಲಿತಾಂಶದ ದಿನ ನಮ್ಮ ಕಾಲೇಜಿನ ಜಾಲತಾಣ ತೆರೆಯಲು ತುಂಬ ಹೊತ್ತು ಕಾಯಬೇಕು. ಹೆಚ್ಚು ಬಾಡಿಗೆ ಕೊಟ್ಟು ದೊಡ್ಡ ಸರ್ವರ್ ತೆಗೆದುಕೊಳ್ಳಬೇಕು ಎಂಬ ಮಾತು ವಿದ್ಯಾರ್ಥಿ ಸಂಘದಲ್ಲಿ ಬಂದಿದೆ. ಆ ಬಾಡಿಗೆ ಪ್ರತಿ ವರ್ಷದ್ದು. ದಾನಿಗಳ ಹಣದಿಂದಲೋ ನಮ್ಮ ಫೀಸಿನಿಂದಲೋ ಬರಬೇಕು. ಮೊದಲು ಕ್ಯಾಶ್ ನೋಡೋಣ, ಆಮೇಲೆ ಹಣ ಖರ್ಚು ಮಾಡೋಣ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಕ್ಯಾಶ್ ಎಂದರೆ ನಾವು ವಾಣಿಜ್ಯದವರು ಬರೆಯುವ ನಗದು ಅಲ್ಲ. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಬೇರೆ, ಉಚ್ಚಾರ ಒಂದೇ. ಒಮ್ಮೆ ಮಾಡಿದ ಕೆಲಸದ ಫಲವನ್ನು ಕೈಗೆ ಸಿಗುವ ಹಾಗೆ ತೆಗೆದಿಡುವುದಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರು.

ನಮ್ಮ ಜಾಲತಾಣ ನಡೆಯುವುದು ವರ್ಡ್‌ಪ್ರೆಸ್‌ನಲ್ಲಿ. ಅದನ್ನು ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ರಾಸ್ಮಸ್ ಲೆರ್ಡೋರ್ಫ್ 1995ರಲ್ಲಿ ಹೊರತಂದ ಈ ಭಾಷೆಗೆ ಒಬ್ಬ ದುಭಾಷಿ ಬೇಕು. ಯಾರಾದರೂ ಪುಟ ಒತ್ತಿದಾಗ ಸರ್ವರ್ ಆ ಬರಹವನ್ನು ಓದಿ, ಆಪ್‌ಕೋಡ್ ಎಂಬ ಸಣ್ಣ ಸಣ್ಣ ಸೂಚನೆಗಳಾಗಿ ಅನುವಾದಿಸಿ, ಕೆಲಸ ಮುಗಿಸಿ, ಅನುವಾದವನ್ನು ಎಸೆದುಬಿಡುತ್ತದೆ. ಮುಂದಿನವರು ಬಂದರೆ ಮತ್ತೆ ಮೊದಲಿನಿಂದ. ಮನೆಯಲ್ಲಿ ಉರ್ದು, ಗೆಳೆಯರಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಪುಸ್ತಕದಲ್ಲಿ ಕನ್ನಡ ಇರುವ ನನಗೆ ಈ ದುಭಾಷಿಯ ಕಷ್ಟ ಚೆನ್ನಾಗಿ ಗೊತ್ತು. ಬ್ಯಾಂಕಿನ ಒಂದೇ ಪತ್ರವನ್ನು ಅಜ್ಜಿಗೊಮ್ಮೆ, ಚಾಚಾನಿಗೊಮ್ಮೆ, ಪಕ್ಕದ ಮನೆಯವರಿಗೊಮ್ಮೆ ಉರ್ದುವಿಗೆ ತಿರುಗಿಸುವ ಬದಲು ಒಂದು ಸಲ ಬರೆದಿಟ್ಟರೆ ಸಾಕಲ್ಲವೇ? ಒಪಿಕ್ಯಾಶ್ ಮಾಡುವುದು ಅದನ್ನೇ. ಅನುವಾದವನ್ನು ಸರ್ವರಿನ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. 2013ರ ಪಿಎಚ್‌ಪಿ 5.5ರಿಂದ ಅದು ಪಿಎಚ್‌ಪಿ ಜೊತೆಗೇ ಬರುತ್ತದೆ, ಬೇರೆ ದುಡ್ಡಿಲ್ಲ. ನಮ್ಮಲ್ಲಿ ಅದು ಆನ್ ಆಗಿದೆಯೇ ಎಂದು ಯಾರಾದರೂ ನೋಡಿದ್ದಾರೆಯೇ?

ಅನುವಾದ ಉಳಿದರೂ ಲೆಕ್ಕ ಮಾತ್ರ ಪ್ರತಿ ಸಲ ಹೊಸದಾಗಿಯೇ ನಡೆಯುತ್ತದೆ. ಖಾತೆಯ ಬಾಕಿ ಕೇಳಿದಾಗಲೆಲ್ಲ ಏಪ್ರಿಲ್ 1ರಿಂದ ಜರ್ನಲ್ ಕೂಡಿಸುತ್ತ ಕೂರುವ ಗುಮಾಸ್ತನನ್ನು ಯಾವ ಅಂಗಡಿಯವರು ಇಟ್ಟುಕೊಳ್ಳುತ್ತಾರೆ? ಪ್ರವೇಶಾತಿಯ ಸೂಚನೆ ಎಲ್ಲರಿಗೂ ಒಂದೇ. ಆ ಪುಟವನ್ನು ಸಿದ್ಧ ಮಾಡಿಟ್ಟು ಬಂದವರಿಗೆಲ್ಲ ಅದನ್ನೇ ಕೊಡಬಹುದು.

ದೊಡ್ಡವರೂ ಮಾಡುವುದು ಹೀಗೆಯೇ. ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಶುರುವಾಯಿತು. ಅದೂ, ಕನ್ನಡ ಮತ್ತು ಉರ್ದು ವಿಕಿಪೀಡಿಯಗಳೂ ನಡೆಯುವುದು ಪಿಎಚ್‌ಪಿಯಲ್ಲೇ. ಲಾಗಿನ್ ಆಗದೆ ಸುಮ್ಮನೆ ಓದಲು ಬಂದವರಿಗೆ ಸಾಮಾನ್ಯವಾಗಿ ಸಿದ್ಧ ಪ್ರತಿಯೇ ಸಿಗುತ್ತದೆ. 2018ರಿಂದ ಇಂಥ ಪ್ರತಿಗಳನ್ನು ಸಿಂಗಾಪುರದಲ್ಲೂ ಇಡುತ್ತಾರೆ. ಹಾಗಾಗಿ ಅಳದಂಗಡಿಯಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಇದ್ದರೂ ತುಳು ಪುಟಕ್ಕಾಗಿ ಅಮೆರಿಕದವರೆಗೆ ಹೋಗಿಬರಬೇಕಾಗಿಲ್ಲ.

2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಇದೇ ವಿಕಿಪೀಡಿಯ ಮುಗ್ಗರಿಸಿತು. ಜನ ಒಂದೇ ಪುಟಕ್ಕೆ ನುಗ್ಗಿದರು. ಯಾರೋ ತಿದ್ದಿದಾಗಲೆಲ್ಲ ಸಿದ್ಧ ಪ್ರತಿ ರದ್ದಾಗಿ, ಸರ್ವರ್‌ಗಳೆಲ್ಲ ಅದೇ ಪುಟವನ್ನು ಒಟ್ಟಿಗೆ ತಯಾರಿಸಲು ಕೂತವು. ಅಲ್ಲಿ ಇನ್ನಷ್ಟು ಸರ್ವರ್ ಇದ್ದಿದ್ದರೆ ಅವೂ ಅದನ್ನೇ ಮಾಡುತ್ತಿದ್ದವು. ಆಮೇಲೆ ಪೂಲ್‌ಕೌಂಟರ್ ಎಂಬ ವ್ಯವಸ್ಥೆ ಬಂತು: ಒಂದು ತಯಾರಿಸಲಿ, ಉಳಿದವು ಕಾಯಲಿ.

ಕ್ಯಾಶ್‌ನಲ್ಲಿ ಅಪಾಯವೂ ಇದೆ. ಫೀಸಿನ ಕೊನೆಯ ದಿನ ಬದಲಾದ ಮೇಲೂ ಹಳೆಯ ಪ್ರತಿಯೇ ಕಾಣಿಸುತ್ತಿದ್ದರೆ ನಾರಾವಿಯಿಂದ ಬರುವ ಹುಡುಗಿಗೆ ಒಂದು ದಿನ ದಂಡ. ಸೂಚನೆ ಬದಲಾದ ಕೂಡಲೇ ಹಳೆಯ ಪ್ರತಿ ಅಳಿಯಲೇಬೇಕು. ಅಂಕಪಟ್ಟಿಯ ಪುಟವನ್ನಂತೂ ಎಲ್ಲರಿಗೂ ಕೊಡುವ ಕ್ಯಾಶ್‌ನಲ್ಲಿ ಇಡಲೇಬಾರದು, ಒಬ್ಬರ ಅಂಕ ಇನ್ನೊಬ್ಬರ ಮೊಬೈಲಿನಲ್ಲಿ ತೆರೆದುಕೊಂಡೀತು. ಅಂಕ ಎಂದರೆ ಅಮಾನತ್. (ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ನಿಲ್ಲಿಸುವುದು, ನಮ್ಮ ಮನೆಯಲ್ಲಿ, ನಂಬಿ ಒಪ್ಪಿಸಿದ ವಸ್ತು. ಇಲ್ಲಿ ಎರಡನೆಯದು.)

ಹೀಗಾಗಿ ಪ್ರವೇಶಾತಿಗೆ ಮುಂಚೆ ನಮ್ಮ ಕಂಪ್ಯೂಟರ್ ವಿಭಾಗದವರು ಒಂದು ಮಧ್ಯಾಹ್ನ ಇದಕ್ಕೆ ಕೊಡಲಿ. ಒಪಿಕ್ಯಾಶ್ ಆನ್ ಇದೆಯೇ, ಪಿಎಚ್‌ಪಿ ಎಷ್ಟನೆಯ ಆವೃತ್ತಿ (2015ರ ಡಿಸೆಂಬರ್‌ನಲ್ಲಿ ಬಂದ 7, ಹಿಂದಿನ 5ಕ್ಕಿಂತ ಬಹಳ ವೇಗದ್ದು), ಸೂಚನೆಯ ಪುಟಗಳಿಗೆ ಕ್ಯಾಶ್ ಇದೆಯೇ ಎಂದು ನೋಡಲಿ. ಮೊಬೈಲಿನಿಂದ ಹಾಗೆಯೇ ಏರಿಸಿದ ವಾರ್ಷಿಕೋತ್ಸವದ ಫೋಟೊಗಳನ್ನು ಸಣ್ಣದು ಮಾಡಲಿ, ಮೊದಲ ಸಲ ಬರುವವರಿಗೆ ಅವುಗಳ ಭಾರವನ್ನು ಸರ್ವರಿನ ಯಾವ ಕ್ಯಾಶ್ ಕೂಡ ಇಳಿಸುವುದಿಲ್ಲ. ಇಷ್ಟಾದ ಮೇಲೂ ನಿಧಾನವಾದರೆ ದೊಡ್ಡ ಸರ್ವರಿನ ಬಾಡಿಗೆಯ ಲೆಕ್ಕವನ್ನು ಸಂಘದ ಮುಂದೆ ಇಡೋಣ.