ದೊಡ್ಡ ಹುಣಸೆಗೆ ಕೈಮುಗಿದದ್ದು ಸಾಕು

ಕಳೆದ ಜನವರಿಯಲ್ಲಿ ಊರಿಗೆ ಹೋಗಿದ್ದ ಮಗ ಸವಣೂರಿನಿಂದ ಖಾರದ ಪೊಟ್ಟಣ, ವೀಳ್ಯದೆಲೆಯ ಕಟ್ಟು, ಜೊತೆಗೆ ಹಳೆಯ ವಲ್ಲಿಯಲ್ಲಿ ಸುತ್ತಿದ ಒಂದು ದೊಡ್ಡ ಹುಣಸೆಕಾಯಿ ತಂದ. ಖಾರ, ಎಲೆ ಎರಡೂ ಕೋಲ್ಕತ್ತದ ಲೇಕ್ ಮಾರ್ಕೆಟ್ ಹತ್ತಿರದ ನಮ್ಮ ಮನೆಯಲ್ಲಿ ವಾರವೂ ಉಳಿಯಲಿಲ್ಲ. ಕಾಯಿ ಮಾತ್ರ ಟಿವಿ ಪಕ್ಕ ಕೂತೇ ಇತ್ತು. ಮೈಮೇಲೆ ಮಖಮಲ್ಲಿನಂಥ ನುಣುಪು ರೋಮ, ಅಲ್ಲಾಡಿಸಿದರೆ ಒಳಗೆ ಗಿಲಕಿಯ ಸದ್ದು. ಬಂದವರೆಲ್ಲ ಮುಟ್ಟಿ ನೋಡಿ ಮರಕ್ಕೆ ಎಷ್ಟು ಸಾವಿರ ವರ್ಷ ಎಂದರು. ತಿನ್ನಬಹುದೇ ಎಂದು ಒಬ್ಬರೂ ಕೇಳಲಿಲ್ಲ. ನನ್ನ ತಕರಾರು ಅದೇ.

ಸವಣೂರಿನ ದೊಡ್ಡಹುಣಸೇ ಕಲ್ಮಠದ ಆ ಮೂರು ಮರಗಳ ನೆರಳಲ್ಲಿ ಆಡಿ ಬೆಳೆದವಳು ನಾನು. ಶ್ರೀಕೃಷ್ಣ ಆಫ್ರಿಕಾದಿಂದ ತಂದು ನೆಟ್ಟದ್ದು ಎನ್ನುತ್ತಿದ್ದಳು ಅಜ್ಜಿ. ಕೃಷ್ಣನ ವಿಷಯ ಬಿಡಿ, ಆಫ್ರಿಕಾ ಅನ್ನುವುದು ಖರೆ. ದೊಡ್ಡ ಹುಣಸೆ ಎಂದರೆ ಬಾವೊಬಾಬ್, ಅಲ್ಲಿಯ ಕಾಡುಮರ. 2023ರ ಜುಲೈನಲ್ಲಿ ಮೂರರಲ್ಲೊಂದು ಬುಡಮೇಲಾದಾಗ ಊರು ಕಣ್ಣೀರಿಟ್ಟಿತು, ಯಂತ್ರ ತರಿಸಿ ಮತ್ತೆ ಎತ್ತಿ ನಿಲ್ಲಿಸಿತು. ಇಲ್ಲಿ ಹೂಗ್ಲಿ ಹೊಳೆಯಾಚೆ ಶಿಬ್‌ಪುರದ ಸಸ್ಯೋದ್ಯಾನದಲ್ಲೂ 2020ರ ಮೇ ತಿಂಗಳ ಆಂಫಾನ್ ಬಿರುಗಾಳಿಗೆ ಉರುಳಿದ ನೂರಾರು ಮರಗಳಲ್ಲಿ ಬಾವೊಬಾಬ್ ಒಂದು. ಬಂಗಾಳಿಗಳು ಅದನ್ನು ಕಲ್ಪವೃಕ್ಷ ಎನ್ನುತ್ತಾರೆ. ನಮಗೆ ಕಲ್ಪವೃಕ್ಷ ಅಂದರೆ ತೆಂಗು. ಅದರ ಕಾಯಿ, ಎಣ್ಣೆ, ನಾರು, ಗರಿ, ಕರಟ ಯಾವುದನ್ನೂ ನಾವು ಬಿಟ್ಟವರಲ್ಲ. ಇದಕ್ಕೆ ಮಾತ್ರ ಬರೀ ನಮಸ್ಕಾರ.

ಸೆನೆಗಲ್‌ನಲ್ಲಿ ಇದರ ತಿರುಳನ್ನು ನೀರಲ್ಲಿ ಕದಡಿ ಸಕ್ಕರೆ ಹಾಕಿ 'ಬುಯಿ' ಎಂಬ ಪಾನಕ ಮಾಡುತ್ತಾರೆ. ಎಲೆ ಒಣಗಿಸಿ ಪುಡಿ ಮಾಡಿ ಅಡುಗೆಗೆ ಬೆರೆಸುತ್ತಾರೆ. ಕೀನ್ಯಾದ ಕರಾವಳಿಯಲ್ಲಿ ಬೀಜಕ್ಕಂಟಿದ ತಿರುಳಿಗೆ ಸಕ್ಕರೆ, ಕೆಂಪು ಬಣ್ಣ ಹಿಡಿಸಿ ಮಕ್ಕಳಿಗೆ ಮಾರುತ್ತಾರೆ. ಅಷ್ಟು ದೂರ ಯಾಕೆ, ಮಧ್ಯಪ್ರದೇಶದ ಮಾಂಡುವಿನಲ್ಲಿ 'ಮಾಂಡು ಕೀ ಇಮ್ಲಿ' ಎಂದು ಇದೇ ಕಾಯಿಯನ್ನು ರಸ್ತೆ ಬದಿ ಗುಡ್ಡೆ ಹಾಕಿ ಮಾರುತ್ತಾರೆ. 2008ರಲ್ಲಿ ಐರೋಪ್ಯ ಒಕ್ಕೂಟ ಒಣ ತಿರುಳಿಗೆ ಆಹಾರವೆಂದು ಅನುಮತಿ ಕೊಟ್ಟಿತು. ಈಗ ಅದರ ಪುಡಿ ಚಂದದ ಡಬ್ಬಿಯಲ್ಲಿ ಬರುತ್ತದೆ. ಆ ಒಂದು ಡಬ್ಬಿಯ ದುಡ್ಡಿಗೆ ನಮ್ಮ ಮನೆಯ ಆರು ತಿಂಗಳ ಹುಣಸೆಹಣ್ಣು ಬಂದೀತು.

ಅಂದಹಾಗೆ ನಮ್ಮ ಸಾರಿನ ಹುಣಸೆಯ ತವರೂ ಆಫ್ರಿಕಾವೇ. ಅರಬರು ಅದನ್ನು 'ಹಿಂದ್ ದೇಶದ ಖರ್ಜೂರ' ಎಂದರು, ಲಿನೇಯಸ್ 'ಇಂಡಿಕಾ' ಎಂದ, ನಾವು ನಮ್ಮದೇ ಎಂದುಕೊಂಡೆವು. ಅದರಲ್ಲಿ ದೆವ್ವ ಇದೆ ಎಂದು ಹಾವೇರಿಯಲ್ಲೂ ಹೆದರಿಸುತ್ತಾರೆ, ಬಂಗಾಳದಲ್ಲೂ ಹೆದರಿಸುತ್ತಾರೆ. ದೆವ್ವ ಇದ್ದರೂ ಹಣ್ಣು ಬಿಟ್ಟವರಿಲ್ಲ! ದೊಡ್ಡ ಹುಣಸೆಯಲ್ಲಿ ದೇವರನ್ನು ಕೂರಿಸಿದ್ದೇ ತಪ್ಪಾಯಿತೋ ಏನೋ.

ಕೊನೆಗೊಂದು ಭಾನುವಾರ ಒಡೆದೇಬಿಟ್ಟೆ. ಚಾಕು ನಾಟಲಿಲ್ಲ, ಪಕ್ಕದ ಮನೆಯಿಂದ ಮಸಾಲೆ ಅರೆಯುವ ಗುಂಡುಕಲ್ಲು ತರಬೇಕಾಯಿತು. ಒಳಗೆ ಕೆಂಪು ನಾರಿನ ಜಾಳಿಗೆ, ನಡುವೆ ಸೀಮೆಸುಣ್ಣದ ಚೂರಿನಂಥ ಬಿಳಿ ಬಿಳಿ ಉಂಡೆ. ನಾಲಿಗೆ ಮೇಲಿಟ್ಟರೆ ಮೊದಲು ಹಿಟ್ಟು ಹಿಟ್ಟು, ಆಮೇಲೆ ಕರಗುತ್ತ ಚುರುಕು ಹುಳಿ. ಬೀಜ ಉಗುಳಬೇಕು, ಸುತ್ತಲಿನ ತಿರುಳು ತೆಳುವು. ನೆನೆಹಾಕಿ ಹಿಸುಕಿ ಸೋಸಿ, ಚಳಿಗಾಲದ ಈಚಲ ಬೆಲ್ಲ ಕರಗಿಸಿ ಚೂರು ಶುಂಠಿ ತುರಿದು ಹಾಕಿದೆ. ಹಾಲಿನಂತೆ ಮಬ್ಬಾದ ಪಾನಕ. ನನ್ನ ಗಂಡ ಎರಡು ಲೋಟ ಕುಡಿದು, 'ಹುಣಸೆ ಅಲ್ಲ ಇದು' ಎಂದರು. ಅವರದು ಬೈಗುಳವೋ ಹೊಗಳಿಕೆಯೋ ಮೂವತ್ತು ವರ್ಷಕ್ಕೂ ತಿಳಿಯದು.

ಉಳಿದ ತಿರುಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಸಂಜೆ ವಿವೇಕಾನಂದ ಪಾರ್ಕಿನ ಫುಚ್ಕಾದವನ, ಅಂದರೆ ನಮ್ಮ ಪಾನಿಪುರಿಯವನ, ಬಳಿ ಹೋದೆ. ಅವನ ಹುಣಸೆನೀರಿಗೆ ನಾನು ಹಳೇ ಗಿರಾಕಿ. ಬೆರಳಲ್ಲಿ ಚೂರು ತೆಗೆದು ನೆಕ್ಕಿದ, ಕಣ್ಣು ಕಿರಿದು ಮಾಡಿದ, ಅರ್ಧ ಸೌಟು ನೀರಲ್ಲಿ ಕದಡಿ ಮೆಣಸಿನಕಾಯಿ, ಕಪ್ಪುಪ್ಪು ಬೆರೆಸಿ ತಾನೇ ಒಂದು ಫುಚ್ಕಾ ಮುಳುಗಿಸಿ ಬಾಯಿಗೆ ಹಾಕಿಕೊಂಡ.

'ಹುಳಿ ಚಲೋ ಇದೆ ದೀದಿ, ಬಣ್ಣ ಇಲ್ಲ. ನಾಳೆ ಎರಡು ಕಿಲೋ ತಂದುಕೊಡಿ, ನೋಡೋಣ' ಎಂದ.

ಎರಡು ಕಿಲೋ! ಸವಣೂರಿನ ಬಸ್ ಸ್ಟ್ಯಾಂಡಿನಲ್ಲೇ ಅದು ಮಾರಲಿಕ್ಕೆ ಸಿಗುವುದಿಲ್ಲವಪ್ಪಾ ಎಂದು ಅವನಿಗೆ ಹೇಗೆ ಹೇಳಲಿ?