ಮೀನುಮರಿಯ ವಂಶ ಯಾರ ಸೊತ್ತು?

ದಾವಣಗೆರೆ, ಹರಿಹರಗಳ ಪೇಟೆಗೆ ಬರುವ ಕಾಟ್ಲಾ, ರೋಹು, ಮೃಗಾಲ್, ಜಿಲೇಬಿ ಮೀನುಗಳನ್ನು ಕೊಂಡು ತಿನ್ನುವವರು ಯಾರು? ಗಿರಣಿಯಲ್ಲಿ ದುಡಿಯುವವರು, ಹಮಾಲರು, ಮಂಡಕ್ಕಿ ಭಟ್ಟಿಯವರು. ಮಾರುವವರು ಯಾರು? ಬುಟ್ಟಿ, ತಕ್ಕಡಿ ಇಟ್ಟುಕೊಂಡ ಸಣ್ಣ ವ್ಯಾಪಾರಿಗಳು. ಹಿಡಿಯುವವರು ಕೆರೆಯನ್ನು ಗುತ್ತಿಗೆ ಹಿಡಿದ ಬೆಸ್ತರು ಮತ್ತು ಅವರ ಸಹಕಾರ ಸಂಘಗಳು. ಒಂದು ಕೆರೆಯ ಮೀನು ಒಂದು ವಾರದಲ್ಲಿ ಸತ್ತು ತೇಲಿದರೆ ಈ ಮೂವರ ಹೊಟ್ಟೆಯ ಮೇಲೂ ಹೊಡೆತ ಬೀಳುತ್ತದೆ. ಆದ್ದರಿಂದ ಮೀನಿನ ರೋಗವೆಂಬುದು ಪಂಡಿತರ ಪ್ರಯೋಗಶಾಲೆಗೆ ಸೇರಿದ ವಿಷಯ, ನಮಗೇಕೆ ಎಂದು ಯಾರೂ ಮುಖ ತಿರುಗಿಸಕೂಡದು.

ಮೀನು ಸಾಯಲು ಕಾರಣಗಳು ಹಲವು. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದರೂ ಸಾಯುತ್ತದೆ, ಕಾರ್ಖಾನೆಯ ಹೊಲಸು ಸೇರಿದರೂ ಸಾಯುತ್ತದೆ. 1984ರಲ್ಲಿ ತುಂಗಭದ್ರೆಯಲ್ಲಿ ಸತ್ತು ತೇಲಿದ ಮೀನುಗಳನ್ನು ಹರಿಹರದ ಆಚೀಚಿನ ದಡದ ಜನ ಮರೆತಿಲ್ಲ. ಆದರೆ ವೈರಸ್ ರೋಗದ ರೀತಿಯೇ ಬೇರೆ. ವೈರಸ್ ಮೀನಿನ ಜೀವಕೋಶದೊಳಗೆ ಹೊಕ್ಕು, ಅದರ ಯಂತ್ರವನ್ನೇ ತನ್ನ ಕೆಲಸಕ್ಕೆ ಹಚ್ಚಿ, ತನ್ನಂಥವೇ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಏನೇನೂ ನಾಟದು. ಆ ಪುಡಿ, ಈ ದ್ರಾವಣವೆಂದು ಕೆರೆಗೆ ಸುರಿಯಲು ಹೇಳುವವರು ಸಂಘದ ಹಣವನ್ನು ನೀರಿಗೆ ಹಾಕಿಸುತ್ತಾರೆ, ಅಷ್ಟೆ.

ನಮ್ಮ ಕರಾವಳಿ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 1994ರಿಂದೀಚೆಗೆ ಸಿಗಡಿ ಕೊಳಗಳಿಗೆ ಬಿಳಿ ಚುಕ್ಕೆ ರೋಗದ ವೈರಸ್ ನುಗ್ಗಿತು. ರೋಗ ಕಾಣಿಸಿದ ಮೂರರಿಂದ ಹತ್ತು ದಿನಗಳಲ್ಲಿ ಇಡೀ ಕೊಳ ಬರಿದಾಗಬಲ್ಲದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮೊದಲಾದ ವಿಜ್ಞಾನಿಗಳು ಪಿಸಿಆರ್ ಪರೀಕ್ಷೆಯಿಂದ ಮರಿಯಲ್ಲೇ ವೈರಸ್ಸನ್ನು ಪತ್ತೆಹಚ್ಚುವ ಕೆಲಸ ಮಾಡಿದರು. ಮುಂದೆ 2009ರಲ್ಲಿ ವನಾಮಿ ಸಿಗಡಿಗೆ ಸರ್ಕಾರ ಅನುಮತಿ ಕೊಟ್ಟಿತು. ಅದರ ತಾಯಿ ಸಿಗಡಿಗಳು ಹೊರದೇಶದ ಕಂಪನಿಗಳಿಂದ ವಿಮಾನದಲ್ಲಿ ಬಂದು, ಚೆನ್ನೈನ ಪ್ರತ್ಯೇಕ ಕೇಂದ್ರದಲ್ಲಿ ಪರೀಕ್ಷೆಯಾದ ಮೇಲೆ ಮರಿ ಮಾಡುವವರ ಕೈ ಸೇರಿದವು. ಇಲ್ಲೊಂದು ಮಾತನ್ನು ಗಮನಿಸಬೇಕು: ರೋಗವಿಲ್ಲದ ಮರಿ ಬೇರೆ, ರೋಗವನ್ನು ತಡೆಯುವ ಮರಿ ಬೇರೆ. ಮೊದಲನೆಯದು ಹೊಲಸು ಕೊಳಕ್ಕೆ ಬಿದ್ದರೆ ಅದೂ ಸಾಯುತ್ತದೆ.

ಈಗ ಸಿಹಿನೀರಿಗೂ ಸರದಿ ಬಂದಿದೆ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಬಡವರ ಮೀನೆಂದು ಹೆಸರಾದದ್ದು. ಅದನ್ನು ಕೊಲ್ಲುವ ತಿಲಾಪಿಯಾ ಲೇಕ್ ವೈರಸ್ಸನ್ನು ಇಸ್ರೇಲಿನ ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. 2018ರಲ್ಲಿ ಭಾರತದಲ್ಲೂ, ಪಶ್ಚಿಮ ಬಂಗಾಳ ಮತ್ತು ಕೇರಳದ ಕೊಳಗಳಲ್ಲಿ ಅದು ಇರುವುದು ವರದಿಯಾಯಿತು. ಈ ವೈರಸ್ಸಿನ ವಂಶದ ಬರಹ ಹತ್ತು ತುಂಡುಗಳಲ್ಲಿದೆ. ನಕಲು ಮಾಡುವಾಗ ಅದು ತಪ್ಪುತ್ತದೆ, ಎರಡು ಬಗೆಯ ವೈರಸ್ ಒಂದೇ ಮೀನಿನಲ್ಲಿ ಸೇರಿದರೆ ತುಂಡುಗಳು ಅದಲುಬದಲಾಗಬಲ್ಲವು. ಹೀಗೆ ಶತ್ರು ವೇಷ ಬದಲಿಸುತ್ತಲೇ ಇರುತ್ತಾನೆ.

ಆದರೆ ಮೀನೂ ಬರಿಗೈಯದಲ್ಲ. 2018ರಲ್ಲಿ ಮಲೇಷ್ಯಾದ ಒಂದು ಕೊಳಕ್ಕೆ ಈ ರೋಗ ಬಿದ್ದಾಗ ವಿಜ್ಞಾನಿಗಳು ಸತ್ತ ಮೀನು, ಬದುಕಿದ ಮೀನುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಒಂದು ಜಾಗದಲ್ಲಿ ತಂದೆತಾಯಿಗಳಿಬ್ಬರಿಂದಲೂ ದುರ್ಬಲ ಅಂಶ ಪಡೆದ ಮೀನುಗಳಲ್ಲಿ ನೂರಕ್ಕೆ 43 ಸತ್ತಿದ್ದವು. ಗಟ್ಟಿ ಅಂಶ ಪಡೆದವುಗಳಲ್ಲಿ 11 ಮಾತ್ರ. ನಾರ್ವೆ, ಸ್ಕಾಟ್‌ಲೆಂಡುಗಳ ಸಾಲ್ಮನ್ ಮೀನಿನಲ್ಲಿ ಮೇದೋಜೀರಕದ ವೈರಸ್ ರೋಗವನ್ನು ತಡೆಯುವ ಶಕ್ತಿ ಬಹುಪಾಲು ಒಂದೇ ಜಾಗದಲ್ಲಿದೆಯೆಂದು 2008-09ರಲ್ಲಿ ತಿಳಿಯಿತು. ವೈರಸ್ಸಿಗೆ ಜೀವಕೋಶದ ಬಾಗಿಲು ತೆರೆಯುವ ಒಂದು ಪ್ರೋಟೀನು ಅಲ್ಲಿ ತುಸು ಭಿನ್ನವಾಗಿರಬಹುದೆಂಬುದು ಇದಕ್ಕೆ ಕೊಟ್ಟ ಒಂದು ವಿವರಣೆ. ಬೀಗ ಬದಲಾದ ಮನೆಗೆ ಕಳ್ಳನ ಕೀಲಿ ಹತ್ತದು. ಆ ತಳಿಯ ಮೊಟ್ಟೆಗಳನ್ನು ಬಳಸಿದ ಮೇಲೆ ನಾರ್ವೆಯಲ್ಲಿ ರೋಗದ ಹಾವಳಿ ಬಹಳ ಇಳಿಯಿತು.

ಇದರ ಅರ್ಥವೇನು? ಮೀನಿನ ಗುಂಪಿನೊಳಗೆ ಬಗೆಬಗೆಯ ವಂಶ ಉಳಿದಿದ್ದರೆ ಮಾತ್ರ ಗಟ್ಟಿ ಅಂಶ ಎಲ್ಲೋ ಒಂದು ಕಡೆ ಸಿಕ್ಕೀತು. ಎಲ್ಲ ಮರಿಗಳೂ ಅಣ್ಣತಮ್ಮಂದಿರಾದರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ನಮ್ಮ ನಾಡಿನ ಸ್ಥಿತಿ ಇಲ್ಲೇ ಕಳವಳ ಹುಟ್ಟಿಸುವುದು. ಕಾಟ್ಲಾ, ರೋಹು, ಮೃಗಾಲ್‌ಗಳು ತುಂಗಭದ್ರೆಯ ಮೂಲದ ಮೀನುಗಳಲ್ಲ, ಗಂಗೆಯ ಬಯಲಿನಿಂದ ತಂದವು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದ ಅಂಗುಲ್‌ನಲ್ಲಿ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ನದಿಯ ಮರಿಗಾಗಿ ಕಾಯುವುದು ತಪ್ಪಿತು. ದೊಡ್ಡ ಉಪಕಾರವದು. ಆದರೆ ಒಂದು ತಾಯಿ ಲಕ್ಷಗಟ್ಟಲೆ ಮೊಟ್ಟೆ ಇಡುವುದರಿಂದ ನಾಲ್ಕಾರು ತಾಯಿಗಳಿದ್ದರೆ ಸಾಕೆಂಬ ಸೋಮಾರಿತನವೂ ಅದರ ಬೆನ್ನಿಗೇ ಬಂತು. ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ 18 ಮರಿ ಉತ್ಪಾದನಾ ಕೇಂದ್ರಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರಕ್ತಸಂಬಂಧದೊಳಗಿನ ಕೂಡಿಕೆ ಪೀಳಿಗೆಗೆ ನೂರಕ್ಕೆ 2ರಿಂದ 17ರಷ್ಟು ಏರುತ್ತಿತ್ತು. ಕೇಂದ್ರದಲ್ಲಿ ಹುಟ್ಟಿದ ಮರಿಯನ್ನೇ ಬೆಳೆಸಿ ಮತ್ತೆ ತಾಯಿ ಮಾಡಿಕೊಂಡದ್ದರ ಫಲವಿದು.

ಬೇರೆ ದಾರಿ ಇರಲಿಲ್ಲವೆ? ಇತ್ತು. ಭುವನೇಶ್ವರದ ಕೇಂದ್ರ ಸರ್ಕಾರಿ ಸಂಸ್ಥೆಯು ನಾರ್ವೆಯ ನೆರವಿನಿಂದ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ರೋಹುಗಳನ್ನು ಒಟ್ಟುಗೂಡಿಸಿ, ಬೇಗ ಬೆಳೆಯುವವನ್ನು ಆರಿಸುತ್ತ ಬಂದು, 1997ರಲ್ಲಿ ಜಯಂತಿ ರೋಹು ತಳಿಯನ್ನು ಕೊಟ್ಟಿತು. ಸಾರ್ವಜನಿಕ ಹಣದಿಂದ ಸಾರ್ವಜನಿಕ ತಳಿ ಆಗುವುದೆಂಬುದಕ್ಕೆ ಇದು ಸಾಕ್ಷಿ.

ಹೀಗೆ ಆಗದಿದ್ದರೆ ಏನಾಗುವುದೆಂಬುದನ್ನು ಹತ್ತಿಯ ಊರಿನವರಾದ ನಮಗೆ ಹೇಳಿಕೊಡಬೇಕಾಗಿಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಆಮೇಲೆ ರೈತ ಬೀಜದ ಬೆಲೆಯ ಜೊತೆಗೆ ವಂಶವಾಹಿಯ ಹಕ್ಕಿನ ಕಪ್ಪವನ್ನೂ ತೆತ್ತ. ಬೆಲೆಗೆ ಕಡಿವಾಣ ಹಾಕಲು ಕೇಂದ್ರ ಸರ್ಕಾರ 2015ರಲ್ಲಿ ಆಜ್ಞೆ ಹೊರಡಿಸಬೇಕಾಯಿತು. ನಾಳೆ ರೋಗ ತಡೆಯುವ ಮೀನುಮರಿಯೂ ಇದೇ ಹಾದಿ ಹಿಡಿದರೆ ಕೆರೆ ಸಂಘದವನು ಸಾಲಗಾರನಾಗುತ್ತಾನೆ, ಪೇಟೆಯಲ್ಲಿ ಮೀನಿನ ದರ ಏರುತ್ತದೆ, ಕೂಲಿಯವನ ತಟ್ಟೆ ಖಾಲಿಯಾಗುತ್ತದೆ.

ಆದಕಾರಣ ನಮ್ಮ ಒತ್ತಾಯ ಇಷ್ಟು. ಬಿ.ಆರ್. ಪ್ರಾಜೆಕ್ಟ್ ಸೇರಿದಂತೆ ಸರ್ಕಾರಿ ಮೀನುಮರಿ ಕೇಂದ್ರಗಳಲ್ಲಿ ತಾಯಿ ಮೀನುಗಳ ವಂಶದ ದಾಖಲೆ ಇರಲಿ. ಕಾಲಕಾಲಕ್ಕೆ ಹೊರಗಿನಿಂದ ಹೊಸ ರಕ್ತ ಬರಲಿ. ಶಾಂತಿಸಾಗರವಿರಲಿ, ಕೊಂಡಜ್ಜಿ, ದೇವರಬೆಳಕೆರೆಗಳಿರಲಿ, ಹೊರರಾಜ್ಯದ ಮರಿ ನೀರಿಗಿಳಿಯುವ ಮೊದಲು ಪರೀಕ್ಷೆಯಾಗಲಿ. ಆ ಪರೀಕ್ಷೆ ಸಂಘದವರ ಕೈಗೆಟುಕುವ ದೂರದಲ್ಲಿ, ಅವರಿಂದಾಗುವ ಖರ್ಚಿನಲ್ಲಿ ಇರಲಿ. ರೋಗದಿಂದ ಕೆರೆ ಬರಿದಾದ ವರ್ಷ ಗುತ್ತಿಗೆ ಹಣ ಬಿಡಲಿ. ರೋಗ ತಡೆಯುವ ತಳಿ ಸಿದ್ಧವಾದಾಗ ಅದರ ಹಕ್ಕು ಜನರದಾಗಿರಲಿ. ವೈರಸ್ ರೂಪ ಬದಲಿಸುವುದರಿಂದ ಒಂದೇ ತಳಿಯನ್ನು ನಂಬಿ ಉಳಿದವನ್ನು ಅಳಿಸುವುದೂ ಕೂಡದು.

ಕೊನೆಯದಾಗಿ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಮೇಲೆ ಹೇಳಿದ ಮೀನು, ಸಿಗಡಿಗಳ ವೈರಸ್ಸುಗಳು ಮನುಷ್ಯನಿಗೆ ಅಂಟುವುದಿಲ್ಲ. ರೋಗದ ಸುದ್ದಿ ಬಂದಾಗ ಅದನ್ನು ಮುಚ್ಚಿಡುವುದರಿಂದ ಗಾಳಿಮಾತಿಗೆ ರೆಕ್ಕೆ ಬಂದು ತಕ್ಕಡಿ ನಿಲ್ಲುತ್ತದೆ. ಸತ್ತು ಕೊಳೆತ ಮೀನನ್ನು ಮಾರದೆ, ನಿಜವನ್ನು ಹೇಳಿದರೆ ಗಿರಾಕಿ ಉಳಿಯುತ್ತಾನೆ. ಮೀನುಗಾರಿಕೆ ಇಲಾಖೆಯೂ ಇದೇ ನೀತಿಯನ್ನು ಪಾಲಿಸಲಿ. ಕೆರೆ ಊರಿನದು, ನೀರು ಊರಿನದು. ಅದರಲ್ಲಿ ಈಜುವ ಮರಿಯ ವಂಶವೂ ಊರಿನದೇ ಆಗಿ ಉಳಿಯಬೇಕು.